ಕತ್ತರಿಸಿದ ಮೂಲೆ, ಇಡಿಯಾದ ಕಾಗದ: ಕೆನಡಾದ ಅಂಚೆ ಲೇಖನಸಾಮಗ್ರಿಯ ಸೂಚೀಕರಣವನ್ನು ಕುರಿತು

ಹತ್ತೊಂಬತ್ತನೆಯ ಶತಮಾನದ ಅಂಚೆಚೀಟಿ ಸಂಗ್ರಾಹಕನ ಮೇಜಿನ ಮೇಲೆ ಭೂತಗನ್ನಡಿಯ ಪಕ್ಕದಲ್ಲಿ ಒಂದು ಕತ್ತರಿಯೂ ಇರುತ್ತಿತ್ತು. ಅಂಚೆ ಇಲಾಖೆಯೇ ಬೆಲೆಯ ಅಚ್ಚನ್ನು ಒತ್ತಿ ಮಾರಿದ ಲಕೋಟೆಯೊಂದು ಕೈಗೆ ಬಂದರೆ ಆತ ಅದರ ಬಲಮೂಲೆಯನ್ನು ಚೌಕವಾಗಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುತ್ತಿದ್ದ, ಉಳಿದುದನ್ನು ಎಸೆಯುತ್ತಿದ್ದ. ಇನ್ನೂ ಅಚ್ಚುಕಟ್ಟಿನವರು ಅಂಡಾಕಾರದ ಅಚ್ಚಿನ ಅಂಚಿಗೆ ಸರಿಯಾಗಿ ಕತ್ತರಿ ಆಡಿಸಿ, ಸುತ್ತಣ ಬಿಳಿಯ ಕಾಗದ ಎಳ್ಳಷ್ಟೂ ಉಳಿಯದಂತೆ ನೋಡಿಕೊಳ್ಳುತ್ತಿದ್ದರು. ಆಲ್ಬಮ್ಮಿನ ಖಾನೆಗಳು ಚೀಟಿಯ ಅಳತೆಗೆ ಮುದ್ರಿತವಾಗಿದ್ದವು. ಲಕೋಟೆ ಅಲ್ಲಿ ಹಿಡಿಸುತ್ತಿರಲಿಲ್ಲ. ಖಾನೆಗೆ ತಕ್ಕಂತೆ ವಸ್ತುವನ್ನು ಕತ್ತರಿಸುವ ಈ ಪದ್ಧತಿ ಯಾವ ದುರುದ್ದೇಶದಿಂದಲೂ ಹುಟ್ಟಿದ್ದಲ್ಲ. ಹಾಗೆ ಕತ್ತರಿಸಿದವನು ತಾನು ಸಂರಕ್ಷಣೆ ಮಾಡುತ್ತಿದ್ದೇನೆಂದೇ ನಂಬಿದ್ದ.

ಜರ್ಮನ್ ಭಾಷೆಯಲ್ಲಿ ಇಂತಹ ಲಕೋಟೆ, ಕಾರ್ಡುಗಳಿಗೆ ‘ಗಾನ್ಸ್‌ಸಾಖೆ’ ಎಂಬ ಹೆಸರಿದೆ. ಇಡಿಯಾದ ವಸ್ತು ಎಂದರ್ಥ. ಫ್ರೆಂಚಿನಲ್ಲಿ ‘ಆಂತಿಯೇ ಪೊಸ್ತಾಲ್’, ಅದರ ಅರ್ಥವೂ ಅಂಚೆಯ ಇಡಿ ಎಂದೇ. ವಸ್ತುವಿನ ಹೆಸರಿನಲ್ಲಿಯೇ ಅದನ್ನು ಹೇಗೆ ನೋಡಬೇಕೆಂಬ ಸೂಚನೆ ಅಡಗಿದೆ. ಇಂಗ್ಲಿಷಿನ ‘ಪೋಸ್ಟಲ್ ಸ್ಟೇಷನರಿ’ ಎಂಬ ಮಾತಿಗೆ ಆ ಶಕ್ತಿಯಿಲ್ಲ. ಅದು ಅಂಗಡಿಯ ಕಪಾಟನ್ನು ನೆನಪಿಗೆ ತರುತ್ತದೆ. ಕನ್ನಡದಲ್ಲಿ ‘ಅಂಚೆ ಲೇಖನಸಾಮಗ್ರಿ’ ಎನ್ನುವುದೂ ಅದರ ನೆರಳೇ. ಅಂಚೆಕಾರ್ಡು, ಇನ್‌ಲ್ಯಾಂಡ್, ಚೀಟಿಯಚ್ಚುಳ್ಳ ಲಕೋಟೆ ಎಂದು ಬಿಡಿಬಿಡಿಯಾಗಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಬೇರೆ ಚೀಟಿ ಅಂಟಿಸಬೇಕಾಗಿಲ್ಲದೆ, ಸಾಗಣೆಯ ಹಣ ಸಂದಿದೆ ಎಂಬುದಕ್ಕೆ ಕಾಗದದ ಮೇಲಣ ಅಚ್ಚೇ ಸಾಕ್ಷಿಯಾಗಿರುವ ಎಲ್ಲ ಬರೆವ ಸರಕೂ ಈ ವರ್ಗಕ್ಕೆ ಸೇರುತ್ತದೆ. ಅಂಚೆಚೀಟಿಗೆ ತನ್ನದೇ ಆದ ದೇಹವುಂಟು. ಅದನ್ನು ಯಾವ ಲಕೋಟೆಗಾದರೂ ಅಂಟಿಸಬಹುದು, ನೀರಿನಲ್ಲಿ ನೆನೆಸಿ ಬಿಡಿಸಬಹುದು. ಲೇಖನಸಾಮಗ್ರಿಯ ಅಚ್ಚಿಗೆ ಅಂತಹ ಬೇರೆ ದೇಹವಿಲ್ಲ. ಕಾಗದ, ಅಚ್ಚು, ಮಡಿಕೆ, ಅಂಟು, ಶೀರ್ಷಿಕೆಯ ಅಕ್ಷರ ಇವೆಲ್ಲ ಒಂದೇ ವಸ್ತು.

ಈ ವಿಷಯವನ್ನು ಸಾಹಿತ್ಯದ ವಿದ್ಯಾರ್ಥಿಗಳ ಮುಂದಿಡುವುದಕ್ಕೆ ಕಾರಣವಿದೆ. ವಸ್ತುವನ್ನು ಗುರುತಿಸಿ, ಅದರ ಪ್ರಭೇದಗಳನ್ನು ಬೇರ್ಪಡಿಸಿ, ಕಾಲಕ್ರಮದಲ್ಲಿ ಜೋಡಿಸಿ ಸೂಚಿ ರಚಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಗ್ರಂಥಸಂಪಾದನೆಯ ಹೆಸರಿನಲ್ಲಿ ಗೌರವಿಸುತ್ತವೆ. ಅಂಚೆಕಾರ್ಡಿನ ಮೇಲೆ ಅದೇ ಕೆಲಸ ನಡೆದರೆ ಅದನ್ನು ಹವ್ಯಾಸವೆಂದು ಬದಿಗೆ ಸರಿಸುತ್ತವೆ. ಕೆನಡಾದ ನಿದರ್ಶನವನ್ನು ನೋಡಿದರೆ ಈ ಭೇದಭಾವಕ್ಕೆ ಆಧಾರ ಸಾಲದು ಎನಿಸುತ್ತದೆ. ಅಷ್ಟೇ ಅಲ್ಲ, ಹವ್ಯಾಸಿಗಳು ತಮ್ಮ ಹಳೆಯ ತಪ್ಪನ್ನು ಬಹುಮಟ್ಟಿಗೆ ತಿದ್ದಿಕೊಂಡಿದ್ದಾರೆ; ಪತ್ರಗಳನ್ನು ಸಂಪಾದಿಸುವ ವಿದ್ವಾಂಸರು ಇನ್ನೂ ಆ ಕತ್ತರಿಯನ್ನು ಕೆಳಗಿಟ್ಟಿಲ್ಲ.

ಕೆನಡಾದ ಮೊದಲ ಅಂಚೆ ಲೇಖನಸಾಮಗ್ರಿ ಒಕ್ಕೂಟಕ್ಕಿಂತ ಹಳೆಯದು. 1867ರಲ್ಲಿ ಒಕ್ಕೂಟ ರಚನೆಯಾಗುವುದಕ್ಕೆ ಮೊದಲು, ‘ಪ್ರಾವಿನ್ಸ್ ಆಫ್ ಕೆನಡಾ’ ಇದ್ದ ಕಾಲದಲ್ಲಿ, 1860ರಲ್ಲಿ ಎರಡು ಲಕೋಟೆಗಳು ಹೊರಬಂದವು: 5 ಸೆಂಟಿನ ಕೆಂಪು, 10 ಸೆಂಟಿನ ಕಂದು. ಎರಡರ ಮೇಲೂ ವಿಕ್ಟೋರಿಯಾ ರಾಣಿಯ ಮುಖ, ಕಾಗದದಿಂದ ಉಬ್ಬಿ ನಿಂತ ಅಚ್ಚು. ಮುದ್ರಿಸಿದವರು ನ್ಯೂಯಾರ್ಕಿನ ಜಾರ್ಜ್ ನೆಸ್ಬಿಟ್ ಸಂಸ್ಥೆಯವರು. ಸಂಗ್ರಾಹಕರು ಇವುಗಳನ್ನು ನೆಸ್ಬಿಟ್ ಲಕೋಟೆಗಳೆಂದೇ ಕರೆಯುತ್ತಾರೆ. ಈ ಎರಡು ಬೆಲೆಗಳೇ ಏಕೆ ಎಂಬ ಪ್ರಶ್ನೆಗೆ ಉತ್ತರ ಅಂದಿನ ದರಪಟ್ಟಿಯಲ್ಲಿದೆ. 1859ರ ಜುಲೈಯಲ್ಲಿ ಕೆನಡಾದ ಅಂಚೆ ಪೆನ್ಸ್ ಬಿಟ್ಟು ಸೆಂಟಿಗೆ ಬಂದಿತ್ತು. ಒಳನಾಡಿನ ಸಾಮಾನ್ಯ ಪತ್ರಕ್ಕೆ 5 ಸೆಂಟು, ಗಡಿಯಾಚೆಯ ಅಮೆರಿಕಕ್ಕೆ 10 ಸೆಂಟು. 1868ರ ಏಪ್ರಿಲ್‌ನಲ್ಲಿ ಒಳನಾಡಿನ ದರ 3 ಸೆಂಟಿಗೆ ಇಳಿದೊಡನೆ 5 ಸೆಂಟಿನ ಲಕೋಟೆಯ ಬೆಲೆಗೂ ಪತ್ರದ ಬೆಲೆಗೂ ಇದ್ದ ಹೊಂದಾಣಿಕೆ ತಪ್ಪಿತು.

ಇಂತಹ ಲಕೋಟೆಯಿಂದ ಕತ್ತರಿಸಿ ತೆಗೆದ ಚೌಕದಲ್ಲಿ ಏನು ಉಳಿಯುತ್ತದೆ? ಅಚ್ಚು, ಬಣ್ಣ, ಒಂದಿಷ್ಟು ಕಾಗದ, ಅದೃಷ್ಟವಿದ್ದರೆ ಠಸ್ಸೆಯ ಒಂದು ತುಣುಕು. ಹೋದುದರ ಪಟ್ಟಿ ದೊಡ್ಡದು. ಲಕೋಟೆ ತಯಾರಿಸುವಾಗ ಕಾಗದದ ಹಾಳೆಯಿಂದ ಬಿಲ್ಲೆಯನ್ನು ಕತ್ತರಿಸುವ ಅಲಗಿನ ಆಕಾರ ಮಡಿಕೆಗಳಲ್ಲಿ, ಹಿಂಬದಿಯ ಮುಚ್ಚಳದ ಮೊನೆಯಲ್ಲಿ ಉಳಿದಿರುತ್ತದೆ. ಒಂದೇ ಅಚ್ಚು, ಒಂದೇ ಬಣ್ಣ ಇದ್ದರೂ ಅಲಗು ಬೇರೆಯಾದರೆ ತಯಾರಿಕೆಯ ಹಂತ ಬೇರೆ. ಬೆಳಕಿಗೆ ಹಿಡಿದಾಗ ಕಾಣುವ ಒತ್ತೊತ್ತಾದ ಗೆರೆಗಳು ಲಕೋಟೆಯ ಅಂಚಿಗೆ ಯಾವ ಕೋನದಲ್ಲಿ ಓಡುತ್ತವೆ ಎಂಬುದು ಇನ್ನೊಂದು ಸಾಕ್ಷ್ಯ. ಅಂಚೇ ಇಲ್ಲದ ಚೌಕದಲ್ಲಿ ಕೋನವನ್ನು ಅಳೆಯುವುದು ಎಲ್ಲಿಂದ? ನೀರುಗುರುತಿನ ಅಕ್ಷರಗಳು ಕಾಗದದಲ್ಲಿ ಎಲ್ಲಿ ಬಿದ್ದಿವೆಯೋ ಅಲ್ಲಿ ಬಿದ್ದಿರುತ್ತವೆ, ಕತ್ತರಿಸಿದವನು ಆರಿಸಿದ ಮೂಲೆಯಲ್ಲಲ್ಲ. ವಿಳಾಸ ಹೋಯಿತು, ಊರು ಹೋಯಿತು, ಹಿಂಬದಿಯ ತಲುಪಿದ ದಿನದ ಠಸ್ಸೆ ಹೋಯಿತು. 10 ಸೆಂಟಿನ ಲಕೋಟೆ ನಿಜವಾಗಿ ಅಮೆರಿಕಕ್ಕೆ ಹೋಯಿತೇ, ಅಥವಾ ಯಾರೋ ಇಮ್ಮಡಿ ತೂಕದ ಪತ್ರವನ್ನು ಒಳನಾಡಿಗೇ ಕಳಿಸಿದರೇ ಎಂಬುದನ್ನು ಇನ್ನು ಯಾವ ವಿದ್ವತ್ತೂ ಹೇಳಲಾರದು.

ಕಾರ್ಡಿನ ಕಥೆ ಬೇರೆ. ಆಸ್ಟ್ರಿಯಾ-ಹಂಗೇರಿ 1869ರ ಅಕ್ಟೋಬರ್ 1ರಂದು ಜಗತ್ತಿನ ಮೊದಲ ಅಧಿಕೃತ ಅಂಚೆಕಾರ್ಡನ್ನು ಹೊರತಂದಿತು. ಕೆನಡಾ ತನ್ನ 1 ಸೆಂಟಿನ ನೀಲಿ ಕಾರ್ಡನ್ನು ತಂದದ್ದು 1871ರ ಜೂನ್‌ನಲ್ಲಿ. ಯೂರೋಪಿನ ಹೊರಗೆ ಈ ಹೊಸ ವಸ್ತುವನ್ನು ಕೈಗೆತ್ತಿಕೊಂಡ ಮೊದಲ ನಾಡು ಅದು. ನೆರೆಯ ಅಮೆರಿಕ ಎರಡು ವರ್ಷ ತಡಮಾಡಿತು. ಭಾರತಕ್ಕೆ ಕಾಲಾಣೆಯ ಕಾರ್ಡು ಬಂದದ್ದು 1879ರ ಜುಲೈಯಲ್ಲಿ. ಪತ್ರಕ್ಕೆ 3 ಸೆಂಟು, ಕಾರ್ಡಿಗೆ 1 ಸೆಂಟು ಎಂದಮೇಲೆ ಯಾರು ಅದನ್ನು ಮೊದಲು ಅಪ್ಪಿಕೊಂಡರೆಂದು ಊಹಿಸುವುದು ಕಷ್ಟವಲ್ಲ. ವ್ಯಾಪಾರಿಗಳು, ರೈಲು ಕಂಪನಿಗಳು, ಸಭೆ ಸಂಘಗಳ ಕಾರ್ಯದರ್ಶಿಗಳು ಅದನ್ನು ಕಟ್ಟುಗಟ್ಟಲೆ ಕೊಂಡರು. ಒಂದು ಬದಿ ವಿಳಾಸಕ್ಕೆ ಮಾತ್ರ ಮೀಸಲು. ಖಾಲಿಯಾದ ಹಿಂಬದಿಯಲ್ಲಿ ಅವರು ತಮಗೆ ಬೇಕಾದ ಒಕ್ಕಣೆಯನ್ನು ಮುದ್ರಿಸಿಕೊಂಡರು. ನಿಮ್ಮ ಸರಕು ನಿಲ್ದಾಣಕ್ಕೆ ಬಂದಿದೆ, ಇಷ್ಟು ಬಾಡಿಗೆ ಕೊಟ್ಟು ಬಿಡಿಸಿಕೊಳ್ಳಿ ಎಂಬ ರೈಲು ಕಂಪನಿಯ ಸೂಚನೆ, ಬೆಲೆಪಟ್ಟಿ, ಹಣ ಸಂದ ರಸೀತಿ, ಪ್ರವಾಸಿ ವ್ಯಾಪಾರಿ ಇಂಥ ದಿನ ಬರುತ್ತಾನೆಂಬ ತಿಳಿವಳಿಕೆ: ವಿಕ್ಟೋರಿಯಾ ಕಾಲದ ಕೆನಡಾದ ಆರ್ಥಿಕ ಜೀವನದ ಸದ್ದು ಈ ಹಿಂಬದಿಗಳಲ್ಲಿದೆ.

1871ರ ಕಾರ್ಡನ್ನು ಮುದ್ರಿಸಿದ್ದು ಬ್ರಿಟಿಷ್ ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿ. ಕಾರ್ಡಿನ ಮೇಲೆ ಮುದ್ರಕರ ಹೆಸರಿನ ಒಂದು ಸಣ್ಣ ಸಾಲು ಇದೆ. ಸಾಮಾನ್ಯ ಓದುಗನ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಸೂಚಿಕಾರನ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಮೊದಲ ಮುದ್ರಣಗಳ ಸಾಲಿನಲ್ಲಿ ಮಾಂಟ್ರಿಯಲ್, ಒಟ್ಟಾವಾ ಎಂಬ ಎರಡು ಊರುಗಳ ಹೆಸರಿದೆ. ಮುಂದಿನ ಮುದ್ರಣಗಳಲ್ಲಿ ಮಾಂಟ್ರಿಯಲ್ ಒಂದೇ ಉಳಿಯುತ್ತದೆ. ರಾಣಿಯ ಮುಖ ಅದೇ, ಬೆಲೆ ಅದೇ, ನೀಲಿಯೂ ಹೆಚ್ಚುಕಡಿಮೆ ಅದೇ. ಆದರೂ ಇವು ಎರಡು ಕಾರ್ಡುಗಳು. ಗ್ರಂಥಸಂಪಾದನೆ ಬಲ್ಲವರಿಗೆ ಇದರಲ್ಲಿ ಬೆರಗಿಲ್ಲ. ಶೀರ್ಷಿಕೆಪುಟ ಒಂದೇ ಆಗಿದ್ದು, ಹಿಂಬದಿಯಲ್ಲಿ ಮುದ್ರಣಾಲಯದ ವಿಳಾಸ ಬದಲಾದ ಪುಸ್ತಕವನ್ನು ಅವರು ಬೇರೆ ಮುದ್ರಣವೆಂದೇ ಎಣಿಸುತ್ತಾರೆ.

ಗುರುತಿಸುವ ಕ್ರಮದಲ್ಲಿ ಹೊಸಬರು ಎಡವುವ ಕಲ್ಲು ಒಂದಿದೆ: ಠಸ್ಸೆಯ ದಿನಾಂಕ. 1902ರ ಠಸ್ಸೆ ಬಿದ್ದಿರುವ ಕಾರ್ಡನ್ನು ನೋಡಿದವರು ಅದನ್ನು 1902ರ ಕಾರ್ಡು ಎಂದುಬಿಡುತ್ತಾರೆ. ವಿಕ್ಟೋರಿಯಾ 1901ರ ಜನವರಿಯಲ್ಲಿಯೇ ತೀರಿಕೊಂಡಳು, ಆಕೆಯ ಮುಖ 1902ರಲ್ಲಿ ಹೇಗೆ ಬಂತೆಂದು ಗೊಂದಲಕ್ಕೂ ಬೀಳುತ್ತಾರೆ. ಏಳನೆಯ ಎಡ್ವರ್ಡನ ಮುಖವಿರುವ ಚೀಟಿಗಳು ಕೆನಡಾದಲ್ಲಿ ಹೊರಬಂದದ್ದು 1903ರ ಜುಲೈಯಲ್ಲಿ. ಅಲ್ಲಿಯ ತನಕ ಸತ್ತ ರಾಣಿಯೇ ಪತ್ರಗಳನ್ನು ಸಾಗಿಸಿದಳು, ಹಳ್ಳಿಯ ಅಂಚೆಕಚೇರಿಗಳ ದಾಸ್ತಾನು ಮುಗಿಯುವ ತನಕ ಅದಕ್ಕೂ ಮುಂದೆ. ಠಸ್ಸೆ ಹೇಳುವುದು ಇಷ್ಟೇ: ಈ ದಿನಕ್ಕೆ ಮೊದಲು ಈ ಕಾರ್ಡು ಅಚ್ಚಾಗಿತ್ತು. ಅಚ್ಚಾದ ದಿನವನ್ನು ಅದು ಹೇಳುವುದಿಲ್ಲ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಬರೆದಿಟ್ಟ ಸಂವತ್ಸರವನ್ನು ಕಾವ್ಯದ ರಚನಾಕಾಲವೆಂದು ಭ್ರಮಿಸಿ ಬರೆದ ಎಷ್ಟೋ ಪ್ರಬಂಧಗಳನ್ನು ಕನ್ನಡ ವಿಭಾಗಗಳು ಕಂಡಿವೆ. ಪ್ರತಿಯ ಕಾಲ ಬೇರೆ, ಕೃತಿಯ ಕಾಲ ಬೇರೆ. ಅಂಚೆಕಾರ್ಡಿನ ಸೂಚಿಕಾರ ಈ ಭೇದವನ್ನು ಸಾವಿರಾರು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಕಲಿಯುತ್ತಾನೆ. ಅತ್ಯಂತ ಹಳೆಯ ಠಸ್ಸೆಯುಳ್ಳ ಪ್ರತಿಯನ್ನು ಹುಡುಕಿ ದಾಖಲಿಸುವ ಹಠ ಇಲ್ಲಿಂದ ಬಂದದ್ದು. ಪ್ರತಿ ಹೊಸ ಶೋಧವೂ ಗಡಿಯನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆಯೇ ಹೊರತು ಅದನ್ನು ಮುಚ್ಚುವುದಿಲ್ಲ.

ದರವೂ ಒಂದು ಸಾಕ್ಷಿ, ಅದೂ ಸುಳ್ಳು ಹೇಳದ ಸಾಕ್ಷಿ. 1898ರ ಕ್ರಿಸ್‌ಮಸ್ ದಿನದಿಂದ ಸಾಮ್ರಾಜ್ಯದೊಳಗಿನ ಪತ್ರಕ್ಕೆ 2 ಸೆಂಟಿನ ದರ ಜಾರಿಗೆ ಬಂತು. 1899ರ ಜನವರಿ 1ರಿಂದ ಒಳನಾಡಿನ ಪತ್ರವೂ 3ರಿಂದ 2 ಸೆಂಟಿಗೆ ಇಳಿಯಿತು. ಅಂಚೆಕಚೇರಿಗಳಲ್ಲಿ 3 ಸೆಂಟಿನ ಲಕೋಟೆಗಳ ರಾಶಿ ಉಳಿಯಿತು. ಅವುಗಳ ಮೇಲೆ ಹೊಸ ಬೆಲೆಯನ್ನು ಒತ್ತಿ ಮಾರಿದರು. ಮೊದಲ ಮಹಾಯುದ್ಧ ಬಂದಾಗ ಚಕ್ರ ತಿರುಗಿತು: 1915ರ ಏಪ್ರಿಲ್ 15ರಿಂದ ಪತ್ರಕ್ಕೂ ಕಾರ್ಡಿಗೂ ತಲಾ 1 ಸೆಂಟಿನ ಯುದ್ಧತೆರಿಗೆ. 1 ಸೆಂಟಿನ ಕಾರ್ಡಿನ ಪಕ್ಕದಲ್ಲಿ ಇನ್ನೊಂದು ಸೆಂಟಿನ ಚೀಟಿಯನ್ನು ಅಂಟಿಸಿದ ಪ್ರತಿಗಳು ಆ ಕಾಲದವು. ಇಲ್ಲಿ ಕತ್ತರಿಯವನು ಏನು ಮಾಡುತ್ತಾನೆಂದು ಯೋಚಿಸಬೇಕು. ಅಂಟಿಸಿದ ಚೀಟಿಯನ್ನು ನೀರಿನಲ್ಲಿ ಬಿಡಿಸಿ ಒಂದು ಖಾನೆಗೆ, ಅಚ್ಚಿನ ಮೂಲೆಯನ್ನು ಕತ್ತರಿಸಿ ಇನ್ನೊಂದು ಖಾನೆಗೆ. ಎರಡೂ ತೀರ ಸಾಮಾನ್ಯವಾದವು, ಎರಡಕ್ಕೂ ಬೆಲೆಯಿಲ್ಲ. ಅವು ಒಟ್ಟಿಗಿದ್ದುದೇ ಚರಿತ್ರೆಯಾಗಿತ್ತು.

ವಸ್ತುವೇ ತನ್ನ ಇಡಿತನವನ್ನು ಕಳೆದುಕೊಂಡು ಬರುವ ಸಂದರ್ಭಗಳೂ ಇವೆ. ಕೆನಡಾ 1890ರ ದಶಕದಲ್ಲಿ ತಂದ ಲೆಟರ್‌ಕಾರ್ಡನ್ನು ಮಡಿಸಿ, ಅಂಚಿಗೆ ಅಂಟು ಹಚ್ಚಿ ಮುಚ್ಚಬೇಕು; ಪಡೆದವನು ರಂಧ್ರಗಳ ಸಾಲಿನಗುಂಟ ಅಂಚನ್ನು ಹರಿದೇ ಓದಬೇಕು. ಪತ್ರಿಕೆಗಳನ್ನು ಸುತ್ತುವ ಅಚ್ಚುಪಟ್ಟಿಯನ್ನಂತೂ ಹರಿಯದೆ ಪತ್ರಿಕೆ ಹೊರಬರುವುದಿಲ್ಲ. ಉತ್ತರಕಾರ್ಡುಗಳು ಜೋಡಿಯಾಗಿ ಹುಟ್ಟಿ, ಕೆಲಸ ಮಾಡುವಾಗ ಅಗಲುತ್ತವೆ. ಇಲ್ಲಿ ಹರಿದ ಅಂಚು ದೋಷವಲ್ಲ, ಬಳಕೆಯ ಗುರುತು. ಹರಿಯದ, ಬರೆಯದ, ಹೊಚ್ಚಹೊಸ ಪ್ರತಿಗೇ ಹೆಚ್ಚು ಬೆಲೆ ಕಟ್ಟುವ ಮಾರುಕಟ್ಟೆಯ ರುಚಿಯನ್ನು ಸೂಚಿಗಳು ಪ್ರಶ್ನಿಸದೆ ಒಪ್ಪಿಕೊಂಡಿರುವುದು ಸರಿಯಲ್ಲ. ಬರೆಯದ ಕಾರ್ಡು ಮುದ್ರಣಾಲಯದ ಕಥೆಯನ್ನಷ್ಟೇ ಹೇಳುತ್ತದೆ.

ಇನ್ನು ಸೂಚಿಗಳ ಮಾತು. ಜಗತ್ತಿನ ಎಲ್ಲ ನಾಡುಗಳ ಲೇಖನಸಾಮಗ್ರಿಯನ್ನು ಒಂದೆಡೆ ತಂದ ದೊಡ್ಡ ಪ್ರಯತ್ನ ಜೀಗ್‌ಫ್ರೀಡ್ ಆಶರ್ ಅವರದು. ಅವರ ಜರ್ಮನ್ ಸೂಚಿ 1920ರ ದಶಕದ ಉತ್ತರಾರ್ಧದಲ್ಲಿ ಪ್ರಕಟವಾಯಿತು. ಆ ಮೇಲೆ ಅಮೆರಿಕದ ಹಿಗಿನ್ಸ್ ಅಂಡ್ ಗೇಜ್ ಜಾಗತಿಕ ಸೂಚಿ ಬಂತು. ಕೆನಡಾ ಒಂದನ್ನೇ ಹಿಡಿದು ಬರೆದ ಮಹತ್ತ್ವದ ಆಕರಗ್ರಂಥ 1953ರಲ್ಲಿ ಬಂದಿತು. ಅದರ ಕರ್ತೃ ನೆಲ್ಸನ್ ಬಾಂಡ್. ಸಾಹಿತ್ಯದವರು ಈ ಹೆಸರಿನ ಬಳಿ ಒಂದು ಕ್ಷಣ ನಿಲ್ಲಬೇಕು. ಈತ ಕೆನಡಾದವನಲ್ಲ, ಅಂಚೆ ಇಲಾಖೆಯವನೂ ಅಲ್ಲ. ಅಮೆರಿಕದ ವೈಜ್ಞಾನಿಕ ಕಥೆಗಾರ. ಅಗ್ಗದ ಕಾಗದದ ಕಥಾಪತ್ರಿಕೆಗಳಿಗೆ ಬರೆದು, ರೇಡಿಯೋ ನಾಟಕಗಳನ್ನು ರಚಿಸಿ ಬದುಕಿದ ಲೇಖಕ, ಮುಂದೆ ಹಳೆಯ ಪುಸ್ತಕಗಳ ವ್ಯಾಪಾರಿ. ಬಾಹ್ಯಾಕಾಶದ ಸಾಹಸಗಳನ್ನು ಕಲ್ಪಿಸಿದ ಅದೇ ಕೈ ಕೆನಡಾದ ಕಾರ್ಡುಗಳ ಪ್ರಭೇದಗಳನ್ನು ಎಣಿಸಿತು ಎಂಬುದು ತಮಾಷೆಯಾಗಿ ಕಾಣಬಹುದು. ಆದರೆ ಅಗ್ಗದ ಮುದ್ರಣದ ಲೋಕದಲ್ಲಿ ಬೆಳೆದವನಿಗೆ ಕಾಗದ, ಅಕ್ಷರ, ಅಚ್ಚುಗಳ ಮೇಲೆ ಕಣ್ಣಿರುವುದು ಸಹಜವೇ. ಕಲ್ಪನೆಗೂ ಪಟ್ಟಿಗೂ ವೈರವೆಂದು ತಿಳಿಯುವವರು ಈತನ ಬದುಕನ್ನು ಗಮನಿಸಬಹುದು.

ಬಾಂಡ್ ನಂತರ ಈ ಕ್ಷೇತ್ರದಲ್ಲಿ ನೆಲೆಯೂರಿದ್ದು ವೆಬ್ ಹೆಸರಿನ ಸೂಚಿ. ಕೆನಡಾದ ಜೊತೆಗೆ, 1949ರವರೆಗೆ ಬೇರೆಯಾಗಿಯೇ ಇದ್ದ ನ್ಯೂಫೌಂಡ್‌ಲ್ಯಾಂಡನ್ನೂ ಅದು ಒಳಗೊಳ್ಳುತ್ತದೆ. ಅರ್ಲ್ ಕೋವರ್ಟ್ ಮತ್ತು ವಿಲಿಯಂ ವಾಲ್ಟನ್ ಅವರು ಸಂಪಾದಿಸಿದ ಏಳನೆಯ ಆವೃತ್ತಿ 2001ರಲ್ಲಿ ಬಂತು. ಒಂದು ಸೂಚಿ ಏಳು ಸಲ ತಿದ್ದುಪಡಿಯಾಗಬೇಕಾದರೆ ಅದರ ಹಿಂದೆ ತಿದ್ದುವ ಜನ ಬೇಕು. ಆ ಜನ 1943ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ನಾರ್ತ್ ಅಮೆರಿಕಾ ಫಿಲಾಟೆಲಿಕ್ ಸೊಸೈಟಿಯ ಲೇಖನಸಾಮಗ್ರಿ ಅಧ್ಯಯನ ತಂಡದವರು. ತಮ್ಮ ಸುದ್ದಿಪತ್ರದಲ್ಲಿ ಹೊಸ ಪ್ರಭೇದವನ್ನು ವರದಿಮಾಡುವುದು, ಇನ್ನೊಬ್ಬರು ಅದನ್ನು ಪರೀಕ್ಷಿಸಿ ಒಪ್ಪುವುದು ಅಥವಾ ಅಲ್ಲಗಳೆಯುವುದು, ಮುಂದಿನ ಆವೃತ್ತಿಯಲ್ಲಿ ಅದು ಸೇರುವುದು ಅಥವಾ ಬಿಟ್ಟುಹೋಗುವುದು: ವಿಶ್ವವಿದ್ಯಾಲಯದ ಸಂಬಳವಿಲ್ಲದೆ ನಡೆಯುವ ಈ ವ್ಯವಹಾರಕ್ಕೆ ಸಂಶೋಧನೆ ಎಂಬ ಹೆಸರನ್ನು ನಿರಾಕರಿಸಲು ಯಾವ ಕಾರಣವೂ ತೋರದು.

ಆದರೆ ಸೂಚಿಯನ್ನು ಆಗಮಪ್ರಮಾಣವೆಂದು ಭಾವಿಸುವ ಅಪಾಯವಿದೆ. ವೆಬ್ ಪದ್ಧತಿಯಲ್ಲಿ ಲಕೋಟೆಗಳಿಗೆ ‘ಇಎನ್’, ಕಾರ್ಡುಗಳಿಗೆ ‘ಪಿ’ ಎಂಬ ಅಕ್ಷರದೊಡನೆ ಸಂಖ್ಯೆಗಳಿವೆ. ಮಾರುವವನೂ ಕೊಳ್ಳುವವನೂ ಸಂಖ್ಯೆಯನ್ನಷ್ಟೇ ಆಡುತ್ತಾರೆ. ಕಾರ್ಡು ಮರೆಗೆ ಸರಿಯುತ್ತದೆ. ಸಂಖ್ಯೆ ಒಂದು ವಾದ, ಅದು ವಸ್ತುವಿನ ಗುಣವಲ್ಲ. ಎರಡು ಛಾಯೆಗಳ ನೀಲಿಯನ್ನು ಒಂದೇ ಸಂಖ್ಯೆಯ ಅಡಿಯಲ್ಲಿ ತಂದವನೂ, ಎರಡು ಸಂಖ್ಯೆ ಕೊಟ್ಟವನೂ ತೀರ್ಪು ನೀಡಿದವರೇ. ಈ ತೀರ್ಪಿಗೆ ಒಂದು ತತ್ತ್ವ ಬೇಕು. ಮುದ್ರಣದ ಯಾವುದಾದರೂ ಹಂತಕ್ಕೆ, ಅಂದರೆ ಹೊಸ ಪಡಿಯಚ್ಚು, ಹೊಸ ಅಕ್ಷರಜೋಡಣೆ, ಹೊಸ ಕಾಗದ, ಹೊಸ ಗುತ್ತಿಗೆದಾರ, ಇವುಗಳಲ್ಲಿ ಒಂದಕ್ಕೆ ಕಾರಣವನ್ನು ತೋರಿಸಬಹುದಾದ ವ್ಯತ್ಯಾಸಕ್ಕೆ ಮಾತ್ರ ಪ್ರತ್ಯೇಕ ಸಂಖ್ಯೆ ಸಲ್ಲಬೇಕು. ಕಿಟಕಿಯ ಬಿಸಿಲಿನಲ್ಲಿ ಮಾಸಿದ ನೀಲಿ, ತೇವಕ್ಕೆ ಕಂದಿದ ಕಾಗದ ಇವು ವಸ್ತುವಿನ ಆಯುಷ್ಯದ ಗುರುತುಗಳೇ ಹೊರತು ಪ್ರಭೇದಗಳಲ್ಲ. ಲಿಪಿಕಾರನ ಸ್ಖಾಲಿತ್ಯವನ್ನೆಲ್ಲ ಪಾಠಾಂತರವೆಂದು ಅಡಿಟಿಪ್ಪಣಿಯಲ್ಲಿ ಗುಡ್ಡೆಹಾಕಿದ ಸಂಪಾದನೆಯಿಂದ ಓದುಗನಿಗೆ ಆಗುವ ದಣಿವೇ, ಛಾಯೆಗಳನ್ನು ಮಿತಿಮೀರಿ ಒಡೆದ ಸೂಚಿಯಿಂದಲೂ ಆಗುತ್ತದೆ. ಇದಕ್ಕೆ ಸಂಗ್ರಾಹಕರ ಉತ್ತರವೊಂದಿದೆ: ಒಡೆದು ಪಟ್ಟಿಮಾಡಿದರೇ ಜನ ಹುಡುಕುತ್ತಾರೆ, ಹುಡುಕಿದರೇ ಸಿಗುತ್ತದೆ, ಬೆಲೆ ಬಂದರೇ ಉಳಿಯುತ್ತದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬೆಲೆಯಿಲ್ಲವೆಂದೇ ಬೆಂಕಿಗೆ ಹೋದ ಹಳೆಯ ಕಾಗದಗಳಿಗೆ ಎಲ್ಲ ನಾಡುಗಳಲ್ಲೂ ಲೆಕ್ಕವಿಲ್ಲ.

ಸೂಚಿಯ ಒಣ ಅಕ್ಷರಗಳು ಏನನ್ನು ಮರೆಮಾಡಬಲ್ಲವು ಎಂಬುದಕ್ಕೆ ಭಾಷೆಯ ಸಂಗತಿಗಿಂತ ಒಳ್ಳೆಯ ನಿದರ್ಶನ ಸಿಗದು. 1871ರ ಕಾರ್ಡಿನ ಶೀರ್ಷಿಕೆ, ವಿಳಾಸವನ್ನು ಈ ಬದಿಯಲ್ಲಿ ಬರೆಯಬೇಕೆಂಬ ಸೂಚನೆ ಎಲ್ಲವೂ ಇಂಗ್ಲಿಷಿನಲ್ಲಿ. ಕ್ವಿಬೆಕ್ಕಿನ ಫ್ರೆಂಚ್ ರೈತನೂ ಅದೇ ಕಾರ್ಡನ್ನು ಕೊಳ್ಳಬೇಕಿತ್ತು. 1867ರ ಸಂವಿಧಾನ ಕಾಯಿದೆ ಸಂಸತ್ತಿನಲ್ಲಿ, ಒಕ್ಕೂಟದ ನ್ಯಾಯಾಲಯಗಳಲ್ಲಿ ಎರಡು ಭಾಷೆಗಳಿಗೂ ಎಡೆಕೊಟ್ಟಿತ್ತು. ಅಂಚೆಯ ಕಿಟಕಿಗೆ ಆ ಮಾತು ತಲುಪಲಿಲ್ಲ. 1878ರಲ್ಲಿ ಕೆನಡಾ ವಿಶ್ವ ಅಂಚೆ ಒಕ್ಕೂಟಕ್ಕೆ ಸೇರಿದ ಮೇಲೆ, ವಿದೇಶಕ್ಕೆ ಹೋಗುವ 2 ಸೆಂಟಿನ ಹಸಿರು ಕಾರ್ಡಿನ ಮೇಲೆ ಫ್ರೆಂಚ್ ಪದಗಳು ಕಾಣಿಸುತ್ತವೆ. ಆದರೆ ಅವು ಆ ಅಂತಾರಾಷ್ಟ್ರೀಯ ಒಕ್ಕೂಟದ ಅಧಿಕೃತ ಭಾಷೆಯೆಂದು ಬಂದವು, ಕೆನಡಾದ ಪ್ರಜೆಗಳ ನುಡಿಯೆಂದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಶೀರ್ಷಿಕೆಯವು, ಫ್ರೆಂಚ್ ಶೀರ್ಷಿಕೆಯವು, ಎರಡೂ ಇರುವವು ಎಂದು ಕಾರ್ಡುಗಳು ಕವಲೊಡೆಯುತ್ತವೆ. 1927ರಲ್ಲಿ ಒಕ್ಕೂಟದ 60ನೆಯ ವರ್ಷಕ್ಕೆ ಹೊರಟ ಚೀಟಿಗಳ ಮೇಲೆ ಅಂಚೆ ಎಂಬ ಪದ ಎರಡೂ ಭಾಷೆಗಳಲ್ಲಿ ನಿಂತಿತು. ಅಧಿಕೃತ ಭಾಷೆಗಳ ಕಾಯಿದೆ ಬಂದದ್ದು 1969ರಲ್ಲಿ. ಸೂಚಿಯಲ್ಲಿ ಇದೆಲ್ಲ ಒಂದು ಮುಖ್ಯ ಸಂಖ್ಯೆಯ ಕೆಳಗಿನ ಉಪಪ್ರಭೇದಗಳು. ಒಂದು ಊರಿನ ಅಂಚೆಕಚೇರಿಗೆ ಫ್ರೆಂಚ್ ಕಾರ್ಡುಗಳ ಕಟ್ಟು ಹೋಯಿತೇ, ಇಂಗ್ಲಿಷಿನ ಕಟ್ಟು ಹೋಯಿತೇ ಎಂಬುದನ್ನು ಠಸ್ಸೆಗಳಿಂದ ತಿಳಿಯಬಹುದು. ಕನ್ನಡನಾಡಿನ ಅಂಚೆಕಚೇರಿಗಳ ಪಾರಂಗಳಲ್ಲಿ ಯಾವ ಭಾಷೆ ಇರಬೇಕೆಂಬ ಚರ್ಚೆಯನ್ನು ಬಲ್ಲವರಿಗೆ ಈ ಉಪಪ್ರಭೇದ ಕ್ಷುಲ್ಲಕವಾಗಿ ತೋರದು. ಬರೆಯದ, ಠಸ್ಸೆ ಬೀಳದ ಹೊಸ ಕಾರ್ಡು ಈ ಪ್ರಶ್ನೆಗೆ ಮೂಕವಾಗಿರುತ್ತದೆ ಎಂಬುದನ್ನೂ ಇಲ್ಲಿಯೇ ಗಮನಿಸಬೇಕು.

ಹಿಂಬದಿಯ ಮುದ್ರಣವನ್ನು ಸೂಚಿಯೊಳಕ್ಕೆ ತರಬೇಕೇ ಎಂಬ ವಿವಾದ ಹಳೆಯದು. ಅಂಚೆ ಇಲಾಖೆ ಮಾಡಿದ್ದಷ್ಟೇ ಸೂಚಿಯ ವಿಷಯ, ಖಾಸಗಿಯವರು ಆಮೇಲೆ ಮುದ್ರಿಸಿಕೊಂಡದ್ದು ಹೊರಗಿನದು ಎಂಬುದು ಕಟ್ಟುನಿಟ್ಟಿನವರ ಪಕ್ಷ. ಈ ಗೆರೆಯನ್ನು ಕೆನಡಿಯನ್ ಪೆಸಿಫಿಕ್ ರೈಲ್ವೆಯ ಚಿತ್ರಕಾರ್ಡುಗಳು ಅಳಿಸಿಹಾಕುತ್ತವೆ. ಅಂಚೆಯ 1 ಸೆಂಟಿನ ಕಾರ್ಡಿನ ಮೇಲೆ ತನ್ನ ಹೋಟೆಲು, ತನ್ನ ದಾರಿಯ ಪರ್ವತಗಳ ಚಿತ್ರಗಳನ್ನು ಆ ಕಂಪನಿ 1890ರ ದಶಕದಲ್ಲಿ ಮುದ್ರಿಸಿತು. ಪಶ್ಚಿಮದ ಬೆಟ್ಟಗಳನ್ನು ನೋಡಬೇಕಾದ ನೋಟವನ್ನಾಗಿ ರೂಪಿಸಿದ ಪ್ರಚಾರದಲ್ಲಿ ಈ ಕಾರ್ಡುಗಳಿಗೂ ಪಾಲಿದೆ. ರಾಣಿಯ ಮುಖ ಸರ್ಕಾರದ್ದು, ಬೆಟ್ಟದ ಚಿತ್ರ ಕಂಪನಿಯದು, ಕೈಬರಹ ಪ್ರವಾಸಿಯದು, ಠಸ್ಸೆ ರೈಲಿನ ಅಂಚೆಡಬ್ಬಿಯ ಗುಮಾಸ್ತನದು. ಒಂದು ಕಾರ್ಡಿನ ಮೇಲೆ ನಾಲ್ವರು ಕರ್ತೃಗಳು. ಯಾರನ್ನು ಬಿಡುವುದು? ಇವುಗಳ ವಿಷಯದಲ್ಲಿ ಸೂಚಿಕಾರರು ಕ್ರಮೇಣ ಮಣಿದು, ಚಿತ್ರಕಾರ್ಡುಗಳಿಗೂ ರೈಲು ಕಂಪನಿಗಳ ನಮೂನೆಗಳಿಗೂ ಪ್ರತ್ಯೇಕ ಪಟ್ಟಿಗಳನ್ನು ಮಾಡಿದ್ದಾರೆ. ಕೈಬರಹಕ್ಕೆ ಮಾತ್ರ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ಅದನ್ನು ಯಾವ ಸೂಚಿಯೂ ಸಂಖ್ಯೆಗೆ ಇಳಿಸಲಾರದು, ನಿಜ. ಆದರೆ ಪ್ರತಿಯ ವಿವರಣೆಯಲ್ಲಿ ‘ಬರಹವಿದೆ’ ಎಂಬ ಎರಡು ಪದಗಳಿಗಿಂತ ಹೆಚ್ಚಿನದು ಅದಕ್ಕೆ ಸಲ್ಲಬೇಕು.

ಸಂಗ್ರಾಹಕ ಬರಹವನ್ನು ಬಿಡುತ್ತಾನೆ, ಸಂಪಾದಕ ಬರಹವನ್ನಷ್ಟೇ ಹಿಡಿಯುತ್ತಾನೆ. ಪತ್ರಸಂಪುಟಗಳಲ್ಲಿ ಒಕ್ಕಣೆ ಅಂದವಾಗಿ ಅಚ್ಚಾಗಿರುತ್ತದೆ. ಅದು ಕಾರ್ಡೋ, ಇನ್‌ಲ್ಯಾಂಡೋ, ಲಕೋಟೆಯೋ ಎಂಬುದು ಅಪರೂಪಕ್ಕೆ ನಮೂದಾಗಿರುತ್ತದೆ. ಕಾರ್ಡಿನಲ್ಲಿ ಬರೆದವನು ಅಂಚೆಯವನೂ ಓದಬಹುದೆಂದು ತಿಳಿದೇ ಬರೆದಿರುತ್ತಾನೆ. ಜಾಗ ಮುಗಿಯುತ್ತದೆಂದು ವಾಕ್ಯವನ್ನು ತುಂಡರಿಸಿರುತ್ತಾನೆ, ಉಳಿದುದನ್ನು ಅಂಚಿನಲ್ಲಿ ತಲೆಕೆಳಗಾಗಿ ತುರುಕಿರುತ್ತಾನೆ. ಅಚ್ಚಿನಲ್ಲಿ ಅದು ನೇರ ಸಾಲಾಗಿ ನಿಂತಾಗ ಆತನ ಸಂಕ್ಷಿಪ್ತತೆಯನ್ನು ವಿಮರ್ಶಕರು ಶೈಲಿಯೆಂದು ಹೊಗಳುತ್ತಾರೆ. ಅದು ಶೈಲಿಯೂ ಇರಬಹುದು, ಕಾರ್ಡಿನ ಅಳತೆಯೂ ಇರಬಹುದು. ದಿನಾಂಕ ಹಾಕದ ಪತ್ರಗಳಿಗೆ ಊಹೆಯಿಂದ ಕಾಲ ನಿರ್ಣಯಿಸುವ ಸಂಪಾದಕರು ಠಸ್ಸೆಯನ್ನೂ ಬೆಲೆಯಚ್ಚನ್ನೂ ನೋಡಿದ್ದರೆ ಎಷ್ಟೋ ಊಹೆಗಳು ಬೇಕಾಗುತ್ತಿರಲಿಲ್ಲ. ಕಾರ್ಡಿನ ಒಂದು ಬದಿಯನ್ನಷ್ಟೇ ಛಾಯಾಚಿತ್ರ ತೆಗೆದು ಗಣಕೀಕರಣವಾಯಿತೆಂದು ಘೋಷಿಸುವುದೂ ಆಧುನಿಕ ರೂಪದ ಕತ್ತರಿಯೇ. ಹಾಳೆ ಉಳಿದು ಲಕೋಟೆ ಹೋಯಿತೆಂದರೆ ಸಂಗ್ರಾಹಕನ ಚೌಕದ ಕಥೆಯೇ ತಿರುವುಮುರುವಾಗಿ ನಡೆದಂತೆ.

ಹೀಗಾಗಿ ಒಂದು ಪ್ರತಿಯ ವಿವರಣೆ ಎಂದರೇನು ಎಂಬುದರಲ್ಲಿ ಎರಡು ಬಣಗಳೂ ಒಪ್ಪಂದಕ್ಕೆ ಬರಬೇಕಾಗಿದೆ. ವಸ್ತುವಿನ ಬಗೆ, ಅಗಲ ಎತ್ತರಗಳು ಮಿಲಿಮೀಟರಿನಲ್ಲಿ, ಕಾಗದ ಮತ್ತು ನೀರುಗುರುತು, ಬೆಲೆಯಚ್ಚು, ಮುದ್ರಕರ ಸಾಲು, ಶೀರ್ಷಿಕೆಯ ಭಾಷೆ, ಆಮೇಲೆ ಸೇರಿದ ಮುದ್ರಣ ಅಥವಾ ಚೀಟಿ, ಎಲ್ಲ ಠಸ್ಸೆಗಳೂ ಅವುಗಳ ಕ್ರಮದಲ್ಲಿ, ವಿಳಾಸ, ಬರಹ, ಮಡಿಕೆ ಹರಿದ ಗುರುತು. ಸೂಚಿಯ ಸಂಖ್ಯೆ ಕಟ್ಟಕಡೆಗೆ, ಯಾವ ಆವೃತ್ತಿಯದೆಂಬ ಉಲ್ಲೇಖದೊಡನೆ. ಏಕೆಂದರೆ ಆವೃತ್ತಿ ಬದಲಾದಂತೆ ಸಂಖ್ಯೆಯ ಕೆಳಗಿನ ಪ್ರಭೇದಗಳೂ ಜಾಗ ಬದಲಿಸಬಹುದು, ವಿವರಣೆ ಮಾತ್ರ ನಿಂತಿರುತ್ತದೆ. ಸಂಖ್ಯೆಯನ್ನು ಮೊದಲು ಬರೆದವನು ಉಳಿದುದನ್ನು ನೋಡುವುದನ್ನೇ ನಿಲ್ಲಿಸುತ್ತಾನೆ ಎಂಬುದು ಅನುಭವಿಗಳೆಲ್ಲ ಬಲ್ಲ ಮಾತು.

ಕತ್ತರಿಸಿದ ಚೌಕಗಳು ಈಗಲೂ ಹಳೆಯ ಆಲ್ಬಮ್ಮುಗಳಲ್ಲಿ ಸಿಗುತ್ತವೆ, ಅಗ್ಗವಾಗಿಯೇ ಸಿಗುತ್ತವೆ. ಅವುಗಳನ್ನು ಕಸವೆಂದು ಎಸೆದರೆ ಕತ್ತರಿಸಿದವನ ತಪ್ಪನ್ನೇ ಎರಡನೆಯ ಸಲ ಮಾಡಿದಂತಾಗುತ್ತದೆ. ಅಂಚಿನಲ್ಲಿ ಅಗಲವಾಗಿ ಕಾಗದ ಉಳಿಸಿ ಕತ್ತರಿಸಿದ ನೆಸ್ಬಿಟ್ ಚೌಕವೊಂದರಲ್ಲಿ ಕಾಗದದ ಗೆರೆಗಳು ಅಚ್ಚಿನ ನಡುಗೆರೆಗೆ ಯಾವ ಕೋನದಲ್ಲಿವೆಯೆಂದು ಅಳೆಯಬಹುದು. ಅಚ್ಚು ಲಕೋಟೆಯ ಅಂಚಿಗೆ ನೇರವಾಗಿ ಬಿದ್ದಿತ್ತೆಂದು ಇಟ್ಟುಕೊಂಡರೆ ಕಳೆದುಹೋದ ಅಂಚನ್ನು ಸುಮಾರಾಗಿ ಮತ್ತೆ ಎಳೆಯಬಹುದು. ಹಿಂಬದಿಯಲ್ಲಿ ಮಡಿಕೆಯ ಗೀರು, ಅಂಟಿನ ಕಲೆ ಸಿಕ್ಕರೆ ಅಲಗಿನ ಆಕಾರದ ಒಂದು ಮೂಲೆ ಸಿಕ್ಕಂತೆ. ಠಸ್ಸೆಯ ಕಾಲುಭಾಗದಲ್ಲಿ ಊರಿನ ಹೆಸರಿನ ಮೂರು ಅಕ್ಷರ ಉಳಿದಿದ್ದರೆ ಅಂದಿನ ಅಂಚೆಕಚೇರಿಗಳ ಪಟ್ಟಿಯೊಡನೆ ಹೋಲಿಸಿ ಊರನ್ನು ಗುರುತಿಸಿದವರಿದ್ದಾರೆ. ತ್ರುಟಿತ ಶಾಸನವನ್ನು ಓದುವವರು ಮಾಡುವುದೂ ಇದನ್ನೇ. ಅಂತಹ ಚೌಕವನ್ನು ಆಲ್ಬಮ್ಮಿನಿಂದ ಬಿಡಿಸುವ ಮೊದಲು, ಅದು ಅಂಟಿಕೊಂಡಿದ್ದ ಪುಟದ ಮೇಲೆ ಸಂಗ್ರಾಹಕ ಪೆನ್ಸಿಲಿನಲ್ಲಿ ಬರೆದಿಟ್ಟ ಟಿಪ್ಪಣಿಯನ್ನು ನಕಲು ಮಾಡಿಕೊಳ್ಳಬೇಕು. ಎಸೆದ ಲಕೋಟೆಯ ಮೇಲೆ ಏನಿತ್ತು ಎಂಬುದು ಕೆಲವೊಮ್ಮೆ ಅಲ್ಲಿ ಸಿಗುತ್ತದೆ.